ಕ್ಯಾಟ್‌ಗೆ ಎಷ್ಟು ಮಾರ್ಕ್ ಟಾರ್ಗೆಟ್ ಇಟ್ಕೊಳ್ಳುದು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ

ಕದ್ರಿ_ಬಿಕಾಂ
ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಲ್ಲಿ ಬಿಕಾಂ ಕೊನೆ ವರ್ಷ. ಈ ಸಲ ಕ್ಯಾಟ್ (ಐಐಎಂಗಳ ಎಂಬಿಎ ಪ್ರವೇಶ ಪರೀಕ್ಷೆ) ಬರೆಯುವ ಅಂತ ಉಂಟು. ಆದ್ರೆ ಎಷ್ಟು ಮಾರ್ಕ್ ಬೇಕು ಅಂತ ಕೇಳಿದ್ರೆ ಒಂದು ಸರಿಯಾದ ಉತ್ತರ ಎಲ್ಲಿಯೂ ಸಿಗುದಿಲ್ಲ. ಸೀನಿಯರ್ ಒಬ್ಬರಿಗೆ 2023ರಲ್ಲಿ 80ರ ಒಳಗೆ ಬಂದೂ 99 ಪರ್ಸೆಂಟೈಲ್ (ಬರೆದವರಲ್ಲಿ ನೂರಕ್ಕೆ 99 ಮಂದಿಗಿಂತ ಮೇಲೆ) ಆಯ್ತು. ಇನ್ನೊಬ್ಬ ಅಣ್ಣ 2024ರಲ್ಲಿ ಅದಕ್ಕಿಂತ ಜಾಸ್ತಿ ತೆಗೆದ್ರೂ 99 ಮುಟ್ಟಲಿಲ್ಲ. ಹಂಪನಕಟ್ಟೆಯ ಕೋಚಿಂಗ್‌ನಲ್ಲಿ 100 ಇಟ್ಕೋ ಅಂತಾರೆ, ಆನ್‌ಲೈನ್ ಸರ್ ಒಬ್ಬರು 85 ಸಾಕು ಅಂತಾರೆ. ಮಾಕ್ ಟೆಸ್ಟಿನದ್ದು ಇನ್ನೊಂದು ರಗಳೆ: ಒಂದು ಸೀರೀಸ್‌ನಲ್ಲಿ 60 ತೆಗೆದ್ರೆ 92 ಪರ್ಸೆಂಟೈಲ್ ತೋರಿಸ್ತದೆ, ಇನ್ನೊಂದರಲ್ಲಿ ಅದೇ 60ಕ್ಕೆ 84. ಯಾವುದನ್ನು ನಂಬುದು?

ಕುಂದಾಪ್ರದವ
ಹ್ವಾಯ್, ಇಷ್ಟೆಲ್ಲ ತಲಿ ಹಾಳ್ ಮಾಡ್ಕಂಬುದ್ ಎಂತಕ್ಕೆ? ಬಂದದ್ದನ್ನು ಸರಿ ಮಾಡು, ಬಾರದ್ದನ್ನು ಬಿಡು.

ಸುರತ್ಕಲ್_ಬೀಚ್
ಪೇಪರ್ ಸುಲಭ ಬಂದ್ರೆ ಕಟಾಫ್ ಮೇಲೆ ಹೋಗ್ತದೆ, ಕಷ್ಟ ಬಂದ್ರೆ ಇಳೀತದೆ. ಇದ್ರಲ್ಲಿ ರಾಕೆಟ್ ವಿಜ್ಞಾನ ಇಲ್ಲ. ನಿಜವಾದ ಜೂಜು ಇರುದು ಸ್ಲಾಟ್‌ನಲ್ಲಿ, ಅಂದ್ರೆ ಒಂದೇ ದಿನ ಬೇರೆ ಬೇರೆ ಪೇಪರಿನ ಮೂರು ಹೊತ್ತು. ಬೆಳಿಗ್ಗೆಯವನಿಗೆ ಸುಲಭ ಡಿಐಎಲ್‌ಆರ್ (ಟೇಬಲ್, ತರ್ಕದ ವಿಭಾಗ), ಸಂಜೆಯವನಿಗೆ ನರಕ. ಅದನ್ನು ನಾರ್ಮಲೈಸ್ ಮಾಡ್ತೇವೆ, ಅಂದ್ರೆ ಸ್ಲಾಟುಗಳ ಮಾರ್ಕನ್ನು ಹೊಂದಿಸಿ ಸಮ ಮಾಡ್ತೇವೆ ಅಂತ ಹೇಳುದು ಬರೀ ಸಮಾಧಾನಕ್ಕೆ.

ಉಡುಪಿ_ಲೆಕ್ಕದ_ಸರ್
ಕದ್ರಿಯವರ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಈ ಗುಂಪಿನಲ್ಲಿ ವರ್ಷಕ್ಕೊಮ್ಮೆ ಯಾರಾದರೂ ಇದನ್ನು ಕೇಳುತ್ತಾರೆ.

ಮೊದಲಿಗೆ, "ಕ್ಯಾಟ್ ಮಾರ್ಕ್" ಅನ್ನುವ ಅಳತೆಗೋಲೇ ಕೈ ಬದಲಾದ ಹಾಗೆ ಬದಲಾಗಿದೆ. 2015ರಿಂದ 2019ರ ತನಕ 180 ನಿಮಿಷ, 100 ಪ್ರಶ್ನೆ, ಒಟ್ಟು 300 ಅಂಕ. 2020ರಲ್ಲಿ ಕೊರೊನಾ ಬಂತು. ಮೂರು ಸ್ಲಾಟ್ ಮಾಡಬೇಕಾದ್ದರಿಂದ ಪರೀಕ್ಷೆಯನ್ನು 120 ನಿಮಿಷಕ್ಕೆ ಇಳಿಸಿದರು, ಪ್ರಶ್ನೆ 76 ಆಯಿತು. 2021ರಲ್ಲಿ ಅದು 66ಕ್ಕೆ ಬಂತು, 2022 ಮತ್ತು 2023ರಲ್ಲೂ ಹಾಗೇ ಉಳಿಯಿತು. 2024ರಲ್ಲಿ 68. ಕೊರೊನಾ ಹೋದರೂ ಮೂರು ಗಂಟೆಯ ಪೇಪರ್ ವಾಪಸ್ ಬರಲಿಲ್ಲ. ಹಾಗಾಗಿ 2019ರಲ್ಲಿ ಬರೆದ ಅಣ್ಣನ ಮಾರ್ಕನ್ನು ನಿನ್ನ ಮಾರ್ಕಿನ ಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವೇ ಇಲ್ಲ. ಅವನದ್ದು 300ಕ್ಕೆ, ನಿನ್ನದು 200ರ ಆಸುಪಾಸಿಗೆ.

ಎರಡನೆಯದು ಯಾರೂ ಗಮನಿಸದ ವಿಷಯ. ಪ್ರಶ್ನೆ ಕಡಿಮೆಯಾದಷ್ಟೂ ಒಂದೊಂದು ಪ್ರಶ್ನೆಯ ತೂಕ ಹೆಚ್ಚುತ್ತದೆ. 100 ಪ್ರಶ್ನೆ ಇದ್ದಾಗ ಒಂದು ಪ್ರಶ್ನೆ ಅಂದರೆ ಪೇಪರಿನ ಶೇಕಡಾ ಒಂದು. 66 ಇದ್ದಾಗ ಶೇಕಡಾ ಒಂದೂವರೆ. ಡಿಐಎಲ್‌ಆರ್‌ನಲ್ಲಿ ಇದು ಇನ್ನೂ ಜೋರು. 2022, 2023ರಲ್ಲಿ ಇದ್ದದ್ದು 20 ಪ್ರಶ್ನೆ, ನಾಲ್ಕೇ ಸೆಟ್ (ಒಂದೇ ಮಾಹಿತಿಯ ಮೇಲಿನ ಪ್ರಶ್ನೆಗಳ ಗುಂಪು). ಒಂದು ಸೆಟ್ ತಪ್ಪು ಆರಿಸಿಕೊಂಡು ಅದರಲ್ಲಿ 15 ನಿಮಿಷ ಮುಳುಗಿದರೆ ಆ ವಿಭಾಗದ ಕಾಲು ಭಾಗ ಹೋಯಿತು, ಸಮಯ ಅದಕ್ಕಿಂತ ಹೆಚ್ಚು ಹೋಯಿತು. 2024ರಲ್ಲಿ 22 ಪ್ರಶ್ನೆ, ಐದು ಸೆಟ್. ಒಂದು ಸೆಟ್ ಜಾಸ್ತಿ ಸಿಕ್ಕಿದ್ದು ಸಣ್ಣ ಬದಲಾವಣೆ ಅನ್ನಿಸಬಹುದು, ಆದರೆ ಆರಿಸುವವನಿಗೆ ಅದು ದೊಡ್ಡ ಉಸಿರು.

ಮೂರನೆಯದು ಪರ್ಸೆಂಟೈಲ್. 2024ರಲ್ಲಿ ಪರೀಕ್ಷೆಗೆ ಹಾಜರಾದವರು ಸುಮಾರು 2.93 ಲಕ್ಷ. ಹೆಸರು ನೋಂದಾಯಿಸಿದವರು ಇನ್ನೂ ಜಾಸ್ತಿ, ಸುಮಾರು 3.29 ಲಕ್ಷ, ಆದರೆ ಬಾರದವರು ಲೆಕ್ಕಕ್ಕಿಲ್ಲ. 99 ಅಂದರೆ ನಿನ್ನ ಮುಂದೆ ಸುಮಾರು 2,930 ಮಂದಿ. 98 ಅಂದರೆ 5,860. ಈ ಎರಡರ ನಡುವೆ ಮೂರು ಸಾವಿರ ಜನ ನಿಂತಿದ್ದಾರೆ, ಅವರೆಲ್ಲರ ನಡುವಿನ ಅಂತರ ಹೆಚ್ಚೆಂದರೆ ಮೂರ್ನಾಲ್ಕು ಪ್ರಶ್ನೆ. 2023ರ ಕ್ವಾಂಟ್ (ಲೆಕ್ಕದ ವಿಭಾಗ) ಕಷ್ಟ ಇತ್ತು, ಎಲ್ಲರ ಮಾರ್ಕೂ ಇಳಿಯಿತು, ಹಾಗಾಗಿ 80ರ ಒಳಗೇ 99 ಸಿಕ್ಕಿತು. 2024ರಲ್ಲಿ ಅದೇ ಜಾಗಕ್ಕೆ 90 ದಾಟಬೇಕಾಯಿತು. ಎರಡು ವರ್ಷವೂ ನಿನ್ನ ಮುಂದೆ ಇರಬೇಕಾದ ಜನರ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ. ಬದಲಾದದ್ದು ಮಾರ್ಕ್ ಮಾತ್ರ.

ಸ್ಲಾಟ್ ವಿಷಯಕ್ಕೆ ಆಮೇಲೆ ಬರುತ್ತೇನೆ, ಈಗ ಟ್ಯೂಷನ್ ಮಕ್ಕಳು ಬಂದರು.

ಕದ್ರಿ_ಬಿಕಾಂ
ಸರ್, ಥ್ಯಾಂಕ್ಸ್. ಒಟ್ಟು ಪರ್ಸೆಂಟೈಲ್ ಅಂದ್ರೆ ಮೂರು ವಿಭಾಗದ ಸರಾಸರಿಯಾ?

ಮಣಿಪಾಲ್_ಎಂಬಿಎ
ಅಲ್ಲ ಮಾರಾಯ್ತಿ. ಮೂರರಲ್ಲೂ 90 ಇದ್ದವರಿಗೆ ಒಟ್ಟು 90 ಬರುದಿಲ್ಲ, ಅದಕ್ಕಿಂತ ಸಾಕಷ್ಟು ಮೇಲೆ ಬರ್ತದೆ. ಯಾಕಂದ್ರೆ ಮೂರರಲ್ಲೂ ಒಟ್ಟಿಗೆ ಚೆನ್ನಾಗಿ ಮಾಡುವವರು ಕಡಿಮೆ. ಇಂಗ್ಲಿಷಲ್ಲಿ ಹುಲಿ ಆದವ ಲೆಕ್ಕದಲ್ಲಿ ಸುಸ್ತು, ಲೆಕ್ಕದವನಿಗೆ ಆರ್‌ಸಿ ಪ್ಯಾಸೇಜ್ ಓದಿದ್ರೆ ನಿದ್ದೆ. ನಿಂಗೆ ಬಿಕಾಂ ಆದ್ದರಿಂದ ಹೇಳ್ತೇನೆ, ವಿಎಆರ್‌ಸಿಯನ್ನು, ಅಂದ್ರೆ ಇಂಗ್ಲಿಷ್ ವಿಭಾಗವನ್ನು, ಕೈ ಬಿಡ್ಬೇಡ. 24 ಪ್ರಶ್ನೆಯಲ್ಲಿ 16 ಪ್ಯಾಸೇಜ್ ಪ್ರಶ್ನೆ. ಸೆಕ್ಷನಲ್ ಕಟಾಫ್ ಬೇರೆ ಉಂಟಲ್ಲ, ಒಂದರಲ್ಲಿ ತೀರ ಕೆಳಗೆ ಬಿದ್ರೆ ಒಟ್ಟು 99 ಇದ್ರೂ ಐಐಎಂ ಬಾಗಿಲು ತೆರೆಯುದಿಲ್ಲ.

ಬಿಜೈ_ಅಮ್ಮ
ನಮಸ್ಕಾರ. ನಾನು ಬರೆಯುವವಳಲ್ಲ, ಬರೆದವಳ ಅಮ್ಮ. ಮಗಳು ಮಧ್ಯಾಹ್ನದ ಸ್ಲಾಟ್‌ನಲ್ಲಿ ಬರೆದು ಹೊರಗೆ ಬರುವಾಗ ಕಣ್ಣಲ್ಲಿ ನೀರು. ಬೆಳಿಗ್ಗೆ ಬರೆದ ಅವಳ ಫ್ರೆಂಡ್ "ಆರಾಮ್ ಇತ್ತು" ಅಂತ ಸ್ಟೇಟಸ್ ಹಾಕಿದ್ಲು. ರಿಸಲ್ಟ್ ಬರುವ ತನಕ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರ್ಲಿಲ್ಲ. ಆಮೇಲೆ ನೋಡಿದ್ರೆ ಇಬ್ರಿಗೂ ಹೆಚ್ಚು ಕಡಿಮೆ ಒಂದೇ ಪರ್ಸೆಂಟೈಲ್. ಇದು ಹೇಗೆ ಆಯ್ತು ಅಂತ ಇವತ್ತಿಗೂ ನಂಗೆ ಅರ್ಥ ಆಗ್ಲಿಲ್ಲ. ಸರ್, ಸ್ವಲ್ಪ ನಮ್ಮಂಥವರಿಗೂ ತಿಳಿಯುವ ಹಾಗೆ ಹೇಳಿ.

ಉಡುಪಿ_ಲೆಕ್ಕದ_ಸರ್
ಅಮ್ಮ, ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಬೆಳಿಗ್ಗೆಯ ಸ್ಲಾಟ್‌ನಲ್ಲಿ ಒಂದು ವಿಭಾಗದ ಸರಾಸರಿ 20 ಅಂಕ ಅಂತ ಇಟ್ಟುಕೊಳ್ಳಿ, ಮಾರ್ಕುಗಳು ಆ ಸರಾಸರಿಯ ಆಚೆ ಈಚೆ 10ರಷ್ಟು ಹರಡಿವೆ. ಮಧ್ಯಾಹ್ನದ್ದು ಕಷ್ಟ, ಸರಾಸರಿ 15, ಹರಡಿಕೆ 8. ಬೆಳಿಗ್ಗೆ 40 ತೆಗೆದ ಹುಡುಗಿ ತನ್ನ ಗುಂಪಿನ ಸರಾಸರಿಗಿಂತ 20 ಮೇಲೆ, ಅಂದರೆ ಎರಡು ಹರಡಿಕೆ ಮೇಲೆ. ಮಧ್ಯಾಹ್ನ 31 ತೆಗೆದ ಹುಡುಗಿ 16 ಮೇಲೆ, ಅದೂ ಎರಡು ಹರಡಿಕೆಯೇ. ಇಬ್ಬರನ್ನೂ ಒಂದೇ ಎತ್ತರದಲ್ಲಿ ನಿಲ್ಲಿಸುತ್ತಾರೆ. 40 ದೊಡ್ಡದೋ 31 ದೊಡ್ಡದೋ ಅಂತ ಕೇಳುವುದಿಲ್ಲ.

ನಿಜವಾದ ಸೂತ್ರ ಇಷ್ಟು ಸರಳ ಅಲ್ಲ. ಐಐಎಂಗಳು ತಮ್ಮ ವಿಧಾನ ಗೇಟ್ (ಎಂಟೆಕ್ ಪ್ರವೇಶ) ಪರೀಕ್ಷೆಯದ್ದಕ್ಕೆ ಹೋಲುತ್ತದೆ ಎಂದು ಹೇಳಿವೆ. ಗೇಟ್‌ನಲ್ಲಿ ಎರಡು ಬಿಂದು ಹಿಡಿಯುತ್ತಾರೆ: ಒಂದು, ಸರಾಸರಿ ಮತ್ತು ಹರಡಿಕೆ ಕೂಡಿಸಿದ ಜಾಗ, ಇನ್ನೊಂದು, ತುದಿಯ ಶೇಕಡಾ 0.1ರಷ್ಟು ಮಂದಿಯ ಸರಾಸರಿ. ಪ್ರತಿ ಸ್ಲಾಟ್‌ನ ಈ ಎರಡು ಬಿಂದುಗಳನ್ನು ಎಲ್ಲ ಸ್ಲಾಟ್ ಸೇರಿದ ಬಿಂದುಗಳ ಮೇಲೆ ಕೂರಿಸಿ, ನಡುವಿನದ್ದನ್ನು ಗೆರೆ ಎಳೆದು ಸರಿ ಮಾಡುತ್ತಾರೆ. ಕ್ಯಾಟ್‌ನಲ್ಲಿ ಇದು ವಿಭಾಗವಾರು ನಡೆಯುತ್ತದೆ. ಮಗಳ ಸ್ಕೋರ್‌ಕಾರ್ಡ್ ತೆಗೆದು ನೋಡಿ, ಮಾರ್ಕ್ ದಶಾಂಶದಲ್ಲಿ ಇರುತ್ತದೆ. ಸರಿಗೆ 3, ತಪ್ಪಿಗೆ ಮೈನಸ್ 1 ಮಾತ್ರ ಇರುವ ಪರೀಕ್ಷೆಯಲ್ಲಿ ದಶಾಂಶ ಬರುವುದಕ್ಕೆ ಬೇರೆ ದಾರಿಯೇ ಇಲ್ಲ. ಅದು ಸ್ಲಾಟ್ ಹೊಂದಿಸಿದ ಗುರುತು.

ಕುಂದಾಪ್ರದವ
ಇದು ನಮ್ಮ ಕಂಬಳದ ಲೆಕ್ಕದ ಹಾಗೇ ಆಯ್ತಲ್ಲ! 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡ್ರು 142.5 ಮೀಟರ್ ಕರೆಯನ್ನು (ಕೋಣ ಓಡುವ ಕೆಸರಿನ ಹಾದಿ) 13.62 ಸೆಕೆಂಡಿಗೆ ಓಡಿದ್ರು. ಅದನ್ನು 100 ಮೀಟರಿಗೆ ಇಳಿಸಿ 9.55 ಅಂತ ಮಾಡಿ, ಬೋಲ್ಟ್‌ನ 9.58 ಮುರಿದ್ರು ಅಂತ ದೇಶ ಇಡೀ ಸುದ್ದಿ. ಒಂದೊಂದು ಊರಿನ ಕರೆ ಒಂದೊಂದು ಉದ್ದ, ಸ್ಲಾಟ್ ಇದ್ದ ಹಾಗೆ.

ಸುರತ್ಕಲ್_ಬೀಚ್
ಭಾರೀ ಲಾಯ್ಕ್ ಹೇಳಿದ್ರಿ, ನನ್ನ ವಾದವೂ ಅದೇ. ಆ 9.55 ಸರಿಯಾದ ಹೋಲಿಕೆ ಆಗಿತ್ತಾ? ಕೆಸರು, ಮುಂದೆ ಎಳೆಯುವ ಕೋಣ, ಎಲ್ಲ ಬಿಟ್ಟು ಬರೀ ಭಾಗಾಕಾರ. ನಾರ್ಮಲೈಸೇಶನ್ ಕೂಡ ಅಷ್ಟೆ.

ಉಡುಪಿ_ಲೆಕ್ಕದ_ಸರ್
ಸುರತ್ಕಲ್‌ನವರೇ, ಆ ಭಾಗಾಕಾರ ತಪ್ಪಾದದ್ದು ಕೆಸರಿನ ಓಟವನ್ನು ಒಲಿಂಪಿಕ್ ಟ್ರ್ಯಾಕಿಗೆ ಹೋಲಿಸಿದ್ದರಿಂದ. ಐಕಳದ ಕರೆಯನ್ನು ಇನ್ನೊಂದು ಕಂಬಳದ ಕರೆಗೆ ಹೋಲಿಸಿದ್ದರೆ ಅಷ್ಟು ತಪ್ಪಾಗುತ್ತಿರಲಿಲ್ಲ. ಕ್ಯಾಟ್‌ನ ಮೂರು ಸ್ಲಾಟ್‌ನಲ್ಲಿ ಬರೆಯುವವರು ಒಂದೇ ತರಹದ ಜನ, ಒಂದೇ ದಿನ, ಸ್ಲಾಟ್ ಆರಿಸುವ ಅವಕಾಶ ಅಭ್ಯರ್ಥಿಗೆ ಇಲ್ಲ. ಒಂದೊಂದು ಸ್ಲಾಟ್‌ನಲ್ಲಿ ಒಂದು ಲಕ್ಷದ ಆಸುಪಾಸು ಮಂದಿ ಇದ್ದಾಗ ಗುಂಪುಗಳ ಸಾಮರ್ಥ್ಯ ಸಮ ಅಂತ ಹಿಡಿಯುವುದು ತಪ್ಪಲ್ಲ.

ನಿಮ್ಮ ಮಾತಿನಲ್ಲಿ ಒಂದು ಸತ್ಯ ಇದೆ, ಅದನ್ನು ಒಪ್ಪಬೇಕು. ಸೂತ್ರ ಸರಿ ಮಾಡುವುದು ಗುಂಪಿನ ಕಷ್ಟವನ್ನು. ನಿನಗೊಬ್ಬನಿಗೆ ಆದ ಕಷ್ಟವನ್ನು ಅಲ್ಲ. ಜಿಯಾಮೆಟ್ರಿ ಬಾರದವನ ಸ್ಲಾಟ್‌ನಲ್ಲಿ ಜಿಯಾಮೆಟ್ರಿ ಜಾಸ್ತಿ ಬಂದರೆ, ಉಳಿದವರಿಗೆ ಅದು ಸುಲಭ ಆಗಿದ್ದರೆ, ಅವನಿಗೆ ಯಾವ ನಾರ್ಮಲೈಸೇಶನ್ ಕೂಡ ಕೈ ಹಿಡಿಯುವುದಿಲ್ಲ.

ಹಳೆ_ಪೇಪರ್
ನಾವು ಬರೆದ ಕಾಲ ನೆನಪಾಯ್ತು. ಪೆನ್ಸಿಲಿನಲ್ಲಿ ಗೋಲಿ ತುಂಬಿಸುದು. ದೇಶಕ್ಕೆಲ್ಲ ಒಂದೇ ಪೇಪರ್, ಒಂದೇ ಹೊತ್ತು, ನಾರ್ಮಲೈಸೇಶನ್ ಎಂಬ ಶಬ್ದವೇ ಕೇಳಿರ್ಲಿಲ್ಲ. ಆದ್ರೆ ಆಗ ಸುಖ ಇತ್ತು ಅಂತ ಹೇಳ್ಬೇಡಿ. 2003ರ ಪೇಪರ್ ಸೋರಿಕೆ ಆಗಿ ಇಡೀ ದೇಶ 2004ರ ಫೆಬ್ರವರಿಯಲ್ಲಿ ಪುನಃ ಬರೆಯಿತು. ಒಂದೇ ಪೇಪರ್ ಇದ್ರೆ ಒಂದೇ ತೂತು ಸಾಕು. ಮತ್ತೆ ಪ್ರಶ್ನೆ ಎಷ್ಟು ಅಂತ ಬುಕ್ಲೆಟ್ ಒಡೆಯುವ ತನಕ ಗೊತ್ತಿಲ್ಲ. 2006, 2007ರಲ್ಲಿ 150 ನಿಮಿಷಕ್ಕೆ 75 ಪ್ರಶ್ನೆ. 2008ರಲ್ಲಿ ಒಡೆದು ನೋಡಿದ್ರೆ 90! 2009ರಿಂದ ಕಂಪ್ಯೂಟರ್. ಮೊದಲ ವರ್ಷವೇ ಸರ್ವರ್ ಕೈಕೊಟ್ಟು ಎಷ್ಟೋ ಮಂದಿ ಮತ್ತೊಂದು ದಿನ ಬರೀಬೇಕಾಯ್ತು. ಆಗ ಪರೀಕ್ಷೆ ದಿನಗಟ್ಟಲೆ ನಡೀತಿತ್ತು. ಈಗಿನ ಮೂರು ಸ್ಲಾಟ್‌ಗೆ ಬೈಯುವವರು ಅದನ್ನು ನೋಡ್ಬೇಕಿತ್ತು.

ಸುರತ್ಕಲ್_ಬೀಚ್
ಅದು ಒಪ್ಪಿದೆ ಸರ್ :)

ಕದ್ರಿ_ಬಿಕಾಂ
ಮತ್ತೆ ಮಾಕ್‌ದ್ದು? 60ಕ್ಕೆ 92 ಅಂತ ಒಬ್ಬರು, 84 ಅಂತ ಇನ್ನೊಬ್ಬರು.

ಮಣಿಪಾಲ್_ಎಂಬಿಎ
ಮಾಕ್‌ನ ಪರ್ಸೆಂಟೈಲ್ ಆ ಮಾಕ್ ಬರೆದವರ ನಡುವೆ ಮಾತ್ರ. ದುಡ್ಡು ಕೊಟ್ಟು ಸೀರೀಸ್ ತಗೊಂಡವರು ಸ್ವಲ್ಪ ಸೀರಿಯಸ್ ಮಂದಿ, ಅಲ್ಲಿ 84 ಅಂದ್ರೆ ನಿಜವಾದ ಪರೀಕ್ಷೆಯಲ್ಲಿ ಅದಕ್ಕಿಂತ ಮೇಲೆ ಇರ್ಬಹುದು. ಫ್ರೀ ಮಾಕ್‌ನಲ್ಲಿ ಸುಮ್ನೆ ಕೂತು ಹತ್ತು ನಿಮಿಷಕ್ಕೆ ಎದ್ದು ಹೋದವರೂ ಲೆಕ್ಕಕ್ಕೆ ಬರ್ತಾರೆ, ಅಲ್ಲಿ 92 ಸುಲಭಕ್ಕೆ ಸಿಗ್ತದೆ. ಒಂದೇ ಸೀರೀಸ್ ಹಿಡ್ಕೊಂಡು, ಅದರಲ್ಲಿ ನಿನ್ನ ಪರ್ಸೆಂಟೈಲ್ ಮೇಲೆ ಹೋಗ್ತಾ ಉಂಟಾ ಅಂತ ನೋಡು. ಬೇರೆ ಬೇರೆ ಸೀರೀಸ್‌ನ ನಂಬರನ್ನು ಒಟ್ಟಿಗೆ ಇಟ್ಟು ತೂಗ್ಬೇಡ.

ಇನ್ನೊಂದು ಮಾತು, ನಮ್ಮೂರಿನವರಿಗೆ ಮಾತ್ರ ಹೇಳುವಂಥದ್ದು. ದಕ್ಷಿಣ ಕನ್ನಡ, ಉಡುಪಿ ಅಂದ್ರೆ ಪಿಯುಸಿ ರಿಸಲ್ಟ್‌ನಲ್ಲಿ ಯಾವಾಗ್ಲೂ ಮೇಲೆ. ನಾವು ಬೆಳೆದದ್ದೇ "ಒಂದು ಮಾರ್ಕ್ ಎಲ್ಲಿ ಹೋಯ್ತು?" ಅಂತ ಕೇಳುವ ಮನೆಯಲ್ಲಿ. ಪೂರ್ತಿ ಪೇಪರ್ ಬರೀದೆ ಎದ್ದು ಬರುದು ನಮ್ಗೆ ಗೊತ್ತೇ ಇಲ್ಲ. ಕ್ಯಾಟ್‌ನಲ್ಲಿ ಈ ಅಭ್ಯಾಸವೇ ಮುಳುಗಿಸುದು. ನಮ್ಮ ಬ್ಯಾಚಲ್ಲಿ 97, 98 ಪರ್ಸೆಂಟ್ ಪಿಯುಸಿಯವರು ಮೊದಲ ಮಾಕ್‌ನಲ್ಲಿ ಕೆಳಗೆ ಬಿದ್ದದ್ದನ್ನು ತುಂಬ ನೋಡಿದ್ದೇನೆ. ಸ್ಕ್ರೀನ್‌ನ ಬಲಬದಿಯಲ್ಲಿ ಪ್ರಶ್ನೆ ನಂಬರಿನ ಚೌಕಗಳು ಇರ್ತಾವೆ. ಉತ್ತರ ಕೊಟ್ಟದ್ದು ಹಸಿರು, ನೋಡಿ ಬಿಟ್ಟದ್ದು ಕೆಂಪು, ಮತ್ತೆ ನೋಡುವ ಅಂತ ಇಟ್ಟದ್ದು ನೇರಳೆ. ಕೆಂಪು ಚೌಕ ಕಂಡ್ರೆ ನಮ್ಮವರಿಗೆ ತಡೆಯುದಿಲ್ಲ. 12 ಹಸಿರು ಆಗಿ ಅದರಲ್ಲಿ 11 ಸರಿ ಇದ್ದವಳು, ಉಳಿದ ಹತ್ತು ಕೆಂಪನ್ನು ಅಂದಾಜಲ್ಲಿ ತುಂಬಿಸಿ ಎಂಟು ಮೈನಸ್ ಮಾಡ್ಕೊಂಡು ಬರ್ತಾಳೆ. 32 ಇದ್ದದ್ದು 30 ಆಗ್ತದೆ, ಅದಕ್ಕೆ ಹೋದ ಹತ್ತು ನಿಮಿಷ ಬೇರೆ. ಎರಡು ಮಾರ್ಕ್ ಅಂದ್ರೆ ಎಂತ ಮಹಾ ಅನ್ನಿಸ್ತದೆ, ಆದ್ರೆ ಸರ್ ಹೇಳಿದ ಆ ಮೂರು ಸಾವಿರ ಜನ ಅಲ್ಲಿಯೇ ನಿಂತಿರುದು. 40 ನಿಮಿಷ ಮುಗಿದ ಕೂಡ್ಲೆ ಆ ವಿಭಾಗ ಮುಚ್ಚಿ ಹೋಗ್ತದೆ, ವಾಪಸ್ ಹೋಗ್ಲಿಕ್ಕೆ ಇಲ್ಲ.

2023ರಲ್ಲಿ 99 ತೆಗೆದವರು ಪೇಪರಿನ 40 ಪರ್ಸೆಂಟ್ ಕೂಡ ತೆಗೀಲಿಲ್ಲ, ಲೆಕ್ಕ ಹಾಕಿ ನೋಡು. 198ರಲ್ಲಿ 80ರ ಒಳಗೆ. ಈ ಮಾತನ್ನು ಪಿಯುಸಿ ಟಾಪರ್‌ಗೆ ಹೇಳಿದ್ರೆ ನಂಬುದಿಲ್ಲ.

ಬಿಜೈ_ಅಮ್ಮ
ಅಯ್ಯೋ ದೇವರೇ, ನಮ್ಮ ಮನೆಯಲ್ಲಿ ಇದೇ ಜಗಳ ಆದದ್ದು. "ಅಷ್ಟು ಪ್ರಶ್ನೆ ಯಾಕೆ ಬಿಟ್ಟಿ" ಅಂತ ಅವಳ ಅಪ್ಪ ಬೈದಿದ್ರು. ಇದನ್ನು ಅವರಿಗೆ ವಾಟ್ಸಾಪ್ ಮಾಡ್ತೇನೆ.

ಕದ್ರಿ_ಬಿಕಾಂ
ಬಾಕ್ಸಲ್ಲಿ ಉತ್ತರ ಟೈಪ್ ಮಾಡುವ ಪ್ರಶ್ನೆಗೆ ನೆಗೆಟಿವ್ ಇಲ್ಲ ಅಲ್ವಾ? ಅದನ್ನಾದ್ರೂ ಬಿಡದೆ ತುಂಬಿಸ್ಬಹುದಲ್ಲ.

ಮಣಿಪಾಲ್_ಎಂಬಿಎ
ಹೌದು, ಟೀಟಾಗೆ ನೆಗೆಟಿವ್ ಇಲ್ಲ. 2015ರಿಂದ ಬಂದದ್ದು ಅದು. ಆದ್ರೆ ಆಯ್ಕೆ ಇಲ್ಲದೆ ಅಂದಾಜಲ್ಲಿ 47 ಅಂತ ಟೈಪ್ ಮಾಡಿ ಸರಿ ಬರುದು ಲಾಟರಿ. ಕೊನೆಯ ಅರ್ಧ ನಿಮಿಷ ಸಿಕ್ಕಿದ್ರೆ ಹಾಕು, ಅದಕ್ಕೆ ಅಂತ ಸಮಯ ತೆಗೆದಿಡ್ಬೇಡ.

ಕುಂದಾಪ್ರದವ
ಮಣಿಪಾಲದ ಎಂಬಿಎ ಕಾಲೇಜು ಟ್ಯಾಪ್ಮಿಗೆ ಕ್ಯಾಟ್ ಒಂದೇ ಅಲ್ಲ ಅಲ್ದಾ? ನನ್ನ ತಂಗಿಗೆ ಮಣಿಪಾಲವೇ ಸಾಕು, ಮನೆಯಿಂದ ಬಸ್ಸಲ್ಲಿ ಹೋಗಿ ಬರ್ಬಹುದು.

ಮಣಿಪಾಲ್_ಎಂಬಿಎ
ಕ್ಯಾಟ್, ಎಕ್ಸ್‌ಎಟಿ, ಎನ್‌ಮ್ಯಾಟ್, ಜಿಮ್ಯಾಟ್, ಇವೆಲ್ಲ ತಗೊಳ್ತಾರೆ. ಆದ್ರೆ ಒಂದೊಂದರ ಮಾರ್ಕಿನ ರೀತಿ ಬೇರೆ, ಅದು ತಂಗಿಗೆ ಗೊತ್ತಿರ್ಲಿ. ಎನ್‌ಮ್ಯಾಟ್‌ನಲ್ಲಿ 108 ಪ್ರಶ್ನೆ, ಎರಡು ಗಂಟೆ, ನೆಗೆಟಿವ್ ಇಲ್ಲ. ಇಲ್ಲಿ ಮಾತ್ರ ಒಂದನ್ನೂ ಬಿಡ್ಬಾರ್ದು. ಪರೀಕ್ಷೆಯೇ ಅಡಾಪ್ಟಿವ್, ನೀನು ಸರಿ ಮಾಡಿದ ಹಾಗೆ ಪ್ರಶ್ನೆ ಗಟ್ಟಿ ಆಗ್ತಾ ಹೋಗ್ತದೆ. ಸ್ಕೋರ್ 36ರಿಂದ 360ರ ನಡುವೆ ಬರ್ತದೆ, ಎಷ್ಟು ಸರಿ ಆಯ್ತು ಅನ್ನುವ ಲೆಕ್ಕ ಅಲ್ಲ ಅದು. ಒಂದು ಸೀಸನ್‌ನಲ್ಲಿ ಮೂರು ಸಲ ಬರೀಬಹುದು, ನಡುವೆ 15 ದಿನದ ಅಂತರ ಬೇಕು. ಹೊರಗೆ ಬಂದು "ಕಷ್ಟ ಇತ್ತು" ಅಂತ ಅಳುವವರಿಗೆ ಒಳ್ಳೆ ಸ್ಕೋರ್ ಬರುದು ಇದರಲ್ಲಿ ಮಾಮೂಲಿ.

ಎಕ್ಸ್‌ಎಟಿ ಇದಕ್ಕೆ ಉಲ್ಟಾ. ತಪ್ಪಿಗೆ ಕಾಲು ಮಾರ್ಕ್ ಹೋಗ್ತದೆ. ಎಂಟಕ್ಕಿಂತ ಜಾಸ್ತಿ ಪ್ರಶ್ನೆ ಬಿಟ್ರೆ, ಬಿಟ್ಟದ್ದಕ್ಕೂ ತಲಾ 0.10 ಕತ್ತರಿಸ್ತಾರೆ. ಜಿಕೆ ಭಾಗ ಪರ್ಸೆಂಟೈಲ್ ಲೆಕ್ಕಕ್ಕೆ ಇಲ್ಲ, ಅದಕ್ಕೆ ತಲೆ ಕೆಡಿಸ್ಕೊಳ್ಬೇಡಿ. ಇಡೀ ದೇಶಕ್ಕೆ ಒಂದೇ ಹೊತ್ತಿಗೆ ನಡೆಯುವ ಕಾರಣ ಸ್ಲಾಟ್ ರಗಳೆ ಇಲ್ಲ. ಜಿಮ್ಯಾಟ್‌ನಲ್ಲಿ ಹಳೆ 700 ನೋಡಿ ಹೆದರುವವರಿದ್ದಾರೆ. 2024ರ ಜನವರಿಗೆ ಹಳೆ ಪರೀಕ್ಷೆ ನಿಂತಿದೆ. ಹೊಸದರ ಸ್ಕೋರ್ 205ರಿಂದ 805, ಎಲ್ಲ 5ರಲ್ಲಿ ಮುಗಿಯುವ ನಂಬರ್. ಹೊಸ 645 ಅಂದ್ರೆ ಹಳೆ 700ರ ಜಾಗ. 645 ಬಂದ ನಮ್ಮ ಕ್ಲಾಸಿನ ಹುಡುಗನ ಮನೆಯವರು "700 ಬರ್ಲಿಲ್ವಾ" ಅಂತ ಮುಖ ಸಣ್ಣ ಮಾಡಿದ್ರಂತೆ.

ಹಳೆ_ಪೇಪರ್
ಮಂಗಳೂರಲ್ಲಿಯೇ ಓದುವವರಿಗೆ ಕೆಇಎಯ ಪಿಜಿಸಿಇಟಿ (ರಾಜ್ಯದ ಎಂಬಿಎ ಪ್ರವೇಶ ಪರೀಕ್ಷೆ) ಉಂಟು ಅಂತ ಯಾರೂ ಹೇಳ್ಲಿಲ್ಲ. 100 ಪ್ರಶ್ನೆ, ಎರಡು ಗಂಟೆ, ನೆಗೆಟಿವ್ ಇಲ್ಲ, ರ‍್ಯಾಂಕ್ ಪದ್ಧತಿ. ಪಿಯುಸಿಯ ಅಭ್ಯಾಸ ಅಲ್ಲಿ ನಿಜಕ್ಕೂ ಉಪಯೋಗಕ್ಕೆ ಬರ್ತದೆ. ಎಲ್ಲರೂ ಐಐಎಂಗೆ ಹೋಗ್ಲಿಕ್ಕೆ ಆಗ್ತದಾ?

ಸುರತ್ಕಲ್_ಬೀಚ್
ಸರ್, ಕೊನೆಗೆ ಒಂದು. ಸುಲಭ ಪೇಪರ್ ಒಳ್ಳೆಯದೋ ಕಷ್ಟದ್ದೋ? ನಮ್ಮ ಹಾಸ್ಟೆಲಲ್ಲಿ ಎಲ್ಲರೂ ಸುಲಭ ಬರ್ಲಿ ಅಂತ ಕಾಯ್ತಾರೆ.

ಉಡುಪಿ_ಲೆಕ್ಕದ_ಸರ್
ತಯಾರಿ ಗಟ್ಟಿ ಇದ್ದವನಿಗೆ ಕಷ್ಟದ್ದೇ ವಾಸಿ. ಸುಲಭ ಪೇಪರಿನಲ್ಲಿ ಎಲ್ಲರೂ ಮೇಲೆ ಒತ್ತಿಕೊಂಡು ನಿಲ್ಲುತ್ತಾರೆ, ಒಂದು ಕೈತಪ್ಪಿಗೆ ಸಾವಿರ ಜನ ದಾಟಿ ಹೋಗುತ್ತಾರೆ. ಕಷ್ಟದ್ದರಲ್ಲಿ ಜನ ಚದುರಿರುತ್ತಾರೆ, ಒಂದು ತಪ್ಪಾದರೂ ಬೀಳುವುದು ಕಡಿಮೆ. ಕ್ವಾಂಟ್‌ನಲ್ಲಿ ಗಟ್ಟಿ ಇರುವ ನಿಮ್ಮ ಹಾಸ್ಟೆಲಿನವರು ಕ್ವಾಂಟ್ ಕಷ್ಟ ಬರಲಿ, ವಿಎಆರ್‌ಸಿ ಸುಲಭ ಬರಲಿ ಅಂತ ಬೇಡಿಕೊಳ್ಳಬೇಕು.

ಕದ್ರಿಯವರಿಗೆ: ಮಾರ್ಕಿನ ಟಾರ್ಗೆಟ್ ಬದಲು ಪ್ರತಿ ವಿಭಾಗಕ್ಕೆ ಎಷ್ಟು ಪ್ರಶ್ನೆ ನಿಜಕ್ಕೂ ಕೈಗೆ ಸಿಗುತ್ತವೆ ಅಂತ ಬರೆದಿಡು. ಮಾಕ್ ಮುಗಿದ ಮೇಲೆ, ಬಿಟ್ಟ ಪ್ರಶ್ನೆಗಳಲ್ಲಿ ನಿನಗೆ ಸುಲಭಕ್ಕೆ ಬರುತ್ತಿದ್ದದ್ದು ಎಷ್ಟು, ಮಾಡಿದ್ದರಲ್ಲಿ ಬಿಡಬೇಕಿದ್ದದ್ದು ಎಷ್ಟು ಅಂತ ಎರಡು ಕಾಲಮ್ ಹಾಕು. ಎರಡನೆಯ ಕಾಲಮ್ ಸಣ್ಣದಾಗುತ್ತಾ ಬಂದರೆ ಪೇಪರ್ ಹೇಗೇ ಬಂದರೂ ನಿನ್ನ ಜಾಗ ಬಹಳ ಅಲುಗಾಡುವುದಿಲ್ಲ.

ಕದ್ರಿ_ಬಿಕಾಂ
ನಿನ್ನೆಯ ಮಾಕ್ ತೆಗೆದು ನೋಡಿದೆ ಸರ್. ಎರಡನೇ ಕಾಲಮ್‌ನಲ್ಲಿ ಒಂಬತ್ತು ಉಂಟು, ಅದರಲ್ಲಿ ಆರು ಡಿಐಎಲ್‌ಆರ್. ಒಂದೇ ಸೆಟ್‌ಗೆ 17 ನಿಮಿಷ ಕೊಟ್ಟಿದ್ದೇನೆ. ಸೆಟ್ ಆರಿಸ್ಲಿಕ್ಕೆ ಮೊದಲು ಎಷ್ಟು ನಿಮಿಷ ಬರೀ ಓದ್ಲಿಕ್ಕೆ ಇಡ್ಬೇಕು?

ಮಣಿಪಾಲ್_ಎಂಬಿಎ
ನಾಲ್ಕೈದು ನಿಮಿಷ. ಐದೂ ಸೆಟ್‌ನ ಮೇಲೆ ಕಣ್ಣಾಡಿಸು, ಟೇಬಲ್ ಹಾಕ್ಲಿಕ್ಕೆ ಆಗುವಂಥದ್ದು ಮೊದಲು ಹಿಡಿ. ಎಂಟು ನಿಮಿಷದಲ್ಲಿ ಒಂದು ಪ್ರಶ್ನೆಯೂ ಬಿಚ್ಚದಿದ್ರೆ ಅಲ್ಲಿಂದ ಏಳು. ಶನಿವಾರದ ಮಾಕ್ ಬರೆದು ಕಾಲಮ್ ಎಂತ ಆಯ್ತು ಅಂತ ಇಲ್ಲಿಯೇ ಹಾಕು, ನೋಡುವ.